ಎಡಕ್ಕೆ ಮುಚ್ಚುವ ವಾಲ್ವ್

ಜನವರಿ ೧೧, ಸೋಮವಾರ

ಒಂಬತ್ತನೇ ವಲಯ. ಒಂದು ದಿನಕ್ಕೆ ಒಳಗೆ ಹೋದ ನೀರು ೨,೧೭,೦೦೦ ಲೀಟರ್. ಮನೆಗಳ ಮೀಟರುಗಳೆಲ್ಲ ಸೇರಿ ತೋರಿಸಿದ್ದು ೧,೬೬,೦೦೦. ಎಲ್ಲಿ ಹೋಯಿತೆಂದು ಗೊತ್ತಿಲ್ಲದ್ದು ೫೧,೦೦೦.

ನಾನು ದಾಖಲೆ ಬರೆಯುವ ನೀರು ಸರಬರಾಜು ಆಫೀಸಿಗೆ ನಿಯಂತ್ರಣ ಆಯೋಗದ ಪತ್ರ ಬಂದಿದೆ. ಮಾರ್ಚ್ ಮುಗಿಯುವುದರೊಳಗೆ ಪ್ರತಿ ವಲಯದ ನಷ್ಟ ಶೇಕಡ ಹದಿನೈದಕ್ಕೆ ಇಳಿಯಬೇಕು. ಇಳಿಯದ ವಲಯಕ್ಕೆ ಬೇಸಿಗೆಯಿಡೀ ದಿನ ಬಿಟ್ಟು ದಿನ ನೀರು. ಹಾಗೆ ಮಿಕ್ಕುವ ನೀರನ್ನು ನದಿಯಲ್ಲೇ ಬಿಡಬೇಕು, ಎತ್ತುವಂತಿಲ್ಲ. ನಮ್ಮ ಸೋರಿಕೆ ವಿಭಾಗದ ಇಂಜಿನಿಯರ್ ಹುಡುಗಿ ಪತ್ರವನ್ನು ಎರಡು ಸಲ ಓದಿ, "ಅವರು ಹೇಳೋದು ಸರಿಯಾಗೇ ಇದೆ ಅಕ್ಕ, ಅದೇ ತೊಂದ್ರೆ" ಎಂದಳು. ಸರಿಯೇ. ಹೋದ ಬೇಸಿಗೆಯಲ್ಲಿ ಅಣೆಯ ಕೆಳಗೆ ಇಳಿದು ನೋಡಿದ್ದೇನೆ. ಕಲ್ಲುಗಳ ಸಂದಿಯಲ್ಲಿ ಅಂಗೈಯಗಲ ನೀರು, ಅದರಲ್ಲಿ ಮಗ್ಗುಲಾಗಿ ಮಲಗಿದ್ದ ಮೀನುಗಳು.

ಮನೆಗೆ ಬಂದಾಗ ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು. "ಅಮ್ಮ ಬಂದ್ರಾ?" ಎಂದರು. ನಿಮ್ಮ ಅಮ್ಮ ತೀರಿಕೊಂಡು ಹದಿನೇಳು ವರ್ಷವಾಯಿತು ಎಂದೆ. ಇವತ್ತೇ ಸುದ್ದಿ ಬಂದವರಂತೆ ಅಲ್ಲೇ ಗೋಡೆ ಹಿಡಿದು ಕುಸಿದರು. ಹಗಲು ಅವರ ಜೊತೆಗಿರುವ ನಾದಿನಿ ಅವರನ್ನು ಎಬ್ಬಿಸಿ ಕೂರಿಸಿ, ಅಡುಗೆಮನೆಗೆ ಬಂದು ಪಿಸುಗುಟ್ಟಿದಳು: "ಹೂಂ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತಿಗೆ?"

ಇಲ್ಲದ್ದನ್ನು ಇದೆ ಎನ್ನುವುದು ಹೇಗೆ? ಇಂದು ಹೂಂ ಎಂದರೆ ನಾಳೆ ಇನ್ನೊಂದಕ್ಕೆ ಹೂಂ ಎನ್ನಬೇಕು. ಕೊನೆಗೆ ಮನೆಯಲ್ಲಿ ಸರಿಯಾದ ಲೆಕ್ಕ ಯಾರ ಬಳಿಯೂ ಉಳಿಯುವುದಿಲ್ಲ.

ಜನವರಿ ೧೪, ಗುರುವಾರ

ವಾಲ್ವ್‌ಗಳ ಹೊಸ ನಕ್ಷೆ ಮಾಡಬೇಕಂತೆ, ಅದೂ ಆಯೋಗದ ಅಪ್ಪಣೆ. ವಾಲ್ವ್ ಎಂದರೆ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ, ಎಡಕ್ಕೆ ತಿರುಗಿಸಿದರೆ ತೆರೆಯುತ್ತದೆ. ಆದರೆ ಬಹಳ ಹಿಂದೆ ಬೇರೊಂದು ಕಡೆಯಿಂದ ತರಿಸಿದ ಕೆಲವು ಉಲ್ಟಾ, ಎಡಕ್ಕೆ ಮುಚ್ಚುವಂಥವು. ನೆಲದ ಮೇಲಿನಿಂದ ನೋಡಿದರೆ ಎಲ್ಲದಕ್ಕೂ ಒಂದೇ ಕಬ್ಬಿಣದ ಮುಚ್ಚಳ. ಯಾವುದು ಎಡಗೈಯದು ಎಂದು ಯಾರೂ ಬರೆದಿಟ್ಟಿಲ್ಲ. ಹಳೆಯ ದಾಸ್ತಾನು ಪುಸ್ತಕದಲ್ಲಿ "ಒಂಬತ್ತನೇ ವಲಯಕ್ಕೆ ಹನ್ನೊಂದು" ಎಂದಷ್ಟೇ ಇದೆ.

"ತಿರುಪಣ್ಣನಿಗೆ ಗೊತ್ತಿರುತ್ತಲ್ಲ ಅಕ್ಕ? ನಿಮ್ಮನೇಲೇ ಇದೆ ನಕ್ಷೆ!" ಎಂದು ಇಂಜಿನಿಯರ್ ನಕ್ಕಳು. ಮೂವತ್ತನಾಲ್ಕು ವರ್ಷ ಊರಿನ ವಾಲ್ವ್ ತಿರುಗಿಸಿದ್ದಕ್ಕೆ ಆಫೀಸಿನಲ್ಲಿ ಅವರಿಗೆ ಆ ಹೆಸರು. ನಿವೃತ್ತರಾಗಿ ಆರು ವರ್ಷವಾದರೂ ಹೆಸರು ಅಲ್ಲೇ ಉಳಿದಿದೆ.

ಕೇಳುತ್ತೇನೆ ಎಂದೆ. ಅವರ ಮರೆವಿನ ಕಾಯಿಲೆಯ ವಿಷಯ ಆಫೀಸಿನಲ್ಲಿ ಹೇಳಿಲ್ಲ. ಯಾರೂ ಕೇಳಿಲ್ಲ, ಹಾಗಾಗಿ ಸುಳ್ಳೂ ಹೇಳಿಲ್ಲ.

ಜನವರಿ ೨೩, ಶನಿವಾರ

ವೈದ್ಯರು ಹೇಳಿದ್ದು ನಿಜ: ಹೊಸತು ಮೊದಲು ಹೋಗುತ್ತದೆ, ಹಳತು ಆಮೇಲೆ, ಕೈಗೆ ಗೊತ್ತಿರುವುದು ಎಲ್ಲಕ್ಕಿಂತ ಕೊನೆಗೆ. ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿಲ್ಲದವರು ಸಂಜೆ ಐದಕ್ಕೆ ಊಟದ ಮೇಜಿನ ಮುಂದೆ ಕೂತು ಒಂದೊಂದೇ ವಾಲ್ವ್ ಹೇಳುತ್ತಾರೆ. ನಾನು ಬರೆದುಕೊಳ್ಳುತ್ತೇನೆ.

"ಬೇಕರಿ ಎದುರಿಂದು ಎಡಗೈ. ಹನ್ನೊಂದು ಸುತ್ತು. ಕೊನೇ ಸುತ್ತಲ್ಲಿ ಕಿರಿಕಿರಿ ಮಾಡತ್ತೆ, ನಮ್ಮ ತಂಗಿ ಥರ."

"ಕೇಳಿಸ್ತು ಅಣ್ಣ!" ಎಂದಳು ನಾದಿನಿ ಒಳಗಿನಿಂದ.

"ಕೇಳಿಸ್ಲಿ ಅಂತಲೇ ಹೇಳಿದ್ದು."

ಎಷ್ಟು ದಿನದ ಮೇಲೆ ನಕ್ಕರು. ನಾನು ಕಾಗದದಿಂದ ಪೆನ್ನು ಎತ್ತಲಿಲ್ಲ, ಅವರ ನೆನಪಿನ ಸರಪಳಿ ಕಡಿಯಬಾರದಲ್ಲ.

ಹತ್ತು ಸಿಕ್ಕವು. ಇನ್ನೊಂದು ಎಂದೆ. "ಅಷ್ಟೇ" ಎಂದರು. ಹನ್ನೊಂದು ಇದೆ, ಪುಸ್ತಕದಲ್ಲಿದೆ ಎಂದೆ. "ಪುಸ್ತಕ ಬರೆದೋನು ವಾಲ್ವ್ ತಿರುಗಿಸಿದ್ದಾನಾ?" ಎಂದು ಸಿಡುಕಿ ಎದ್ದು ಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಆದರೆ ಈಗ ಅವರ ಯಾವ ಸಿಡುಕಿಗೆ ಯಾವುದು ಕಾರಣ ಎಂದು ಹೇಳಲು ಬರುವುದಿಲ್ಲ.

ಫೆಬ್ರುವರಿ ೨, ಮಂಗಳವಾರ

ಕೇಳುಗರು (ಕಬ್ಬಿಣದ ಕೋಲಿಗೆ ಕಿವಿ ಹಚ್ಚಿ ನೆಲದೊಳಗಿನ ಸೋರಿಕೆ ಕೇಳುವವರು) ವಲಯವನ್ನೆಲ್ಲ ನಡೆದು ಮುಗಿಸಿದರು. ಮೂರು ಸೋರಿಕೆ ಸಿಕ್ಕವು, ಮೂರನ್ನೂ ಮುಚ್ಚಿಯಾಯಿತು. ಒಳಗೆ ಹೋಗುವುದು ೨,೧೦,೦೦೦ಕ್ಕೆ ಇಳಿಯಿತು. ನಷ್ಟ ೪೪,೦೦೦. ಶೇಕಡ ಇಪ್ಪತ್ತೊಂದು. ಇನ್ನು ನೆಲದಲ್ಲಿ ಸದ್ದೇ ಇಲ್ಲವಂತೆ.

"ಕೇಳಿಸದೇ ಇರೋ ಸೋರಿಕೆ ಸೋರಿಕೆ ಅಲ್ಲ ಅಕ್ಕ," ಎಂದಳು ಇಂಜಿನಿಯರ್. "ಯಾರೋ ಕುಡೀತಿದ್ದಾರೆ."

ಮನೆಯಲ್ಲಿ ಅವರು ಇಂದು ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ನನ್ನ ಮುಂದೆ ಬಂದು ನಿಂತರು. ಒಂದು ಗುಂಡಿ ತಪ್ಪಿ ಕೊನೆಯವರೆಗೂ ಎಲ್ಲವೂ ತಪ್ಪಿತ್ತು. ಬಿಚ್ಚಿ ಮೊದಲಿನಿಂದ ಹಾಕಿದೆ.

ಫೆಬ್ರುವರಿ ೭, ಭಾನುವಾರ

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಅವರು ತಾವಾಗಿಯೇ ಬೂಟು ಹಾಕಿಕೊಂಡು, ಬೀರುವಿನ ಮೇಲಿಂದ ಮೀನು ಹಿಡಿಯುವ ಸಾಮಾನಿನ ಡಬ್ಬ ಇಳಿಸಿಕೊಂಡರು. "ಮೊದಲ ಭಾನುವಾರ ಅಲ್ವಾ?" ಎಂದರು. ಹೌದು, ತಿಂಗಳ ಮೊದಲ ಭಾನುವಾರ. ಕೆಲಸದಲ್ಲಿದ್ದಾಗಲೂ ನಿವೃತ್ತರಾದ ಮೇಲೂ ಆ ದಿನ ಮೀನು ಹಿಡಿಯಲು ಹೋಗುತ್ತಿದ್ದರು. ಒಂದು ದಿನವೂ ಮೀನು ತಂದವರಲ್ಲ. "ಸಿಗಲಿಲ್ಲ" ಎನ್ನುತ್ತಿದ್ದರು. ಇಷ್ಟು ವರ್ಷ ನನ್ನ ಗಂಡನಿಗೆ ಮೀನು ಹಿಡಿಯಲು ಬರುವುದಿಲ್ಲ ಎಂದು ನಂಬಿದ್ದೆ. ನಾದಿನಿಯ ಜೊತೆ ಸೇರಿ ನಕ್ಕೂ ಇದ್ದೆ. ಹೋದ ವರ್ಷದ ಮಳೆಗಾಲದಿಂದ ಅವರೊಬ್ಬರೇ ಹೊರಗೆ ಹೋಗುವುದನ್ನು ನಾನೇ ನಿಲ್ಲಿಸಿದ್ದೆ.

ಡಬ್ಬ ಕೈಜಾರಿ ಬಿತ್ತು. ಅದರಲ್ಲಿ ಗಾಳ ಇರಲಿಲ್ಲ. ನಲ್ಲಿಗೆ ಹಾಕುವ ರಬ್ಬರ್ ವಾಷರುಗಳು, ನೂರಾರು. ಒಂದು ಚಿಕ್ಕ ಸ್ಪ್ಯಾನರ್.

ನಡೆಯಿರಿ, ನಾನೂ ಬರುತ್ತೇನೆ ಎಂದೆ.

ನಮ್ಮ ಬೀದಿಯ ತಿರುವಿನಲ್ಲೇ ದಾರಿ ತಪ್ಪುವವರು ನನಗಿಂತ ಎರಡು ಹೆಜ್ಜೆ ಮುಂದೆ ನಡೆದರು. ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಹಿಂದೆ, ಅದರ ಕೆಲಸಗಾರರು ಇದ್ದ ಸಾಲುಮನೆಗಳ ಓಣಿ. ಇಪ್ಪತ್ತಾರು ಮನೆ. ನಮ್ಮ ಪುಸ್ತಕದಲ್ಲಿ ಆ ಓಣಿಗೆ ನೀರಿಲ್ಲ. ಕಾರ್ಖಾನೆ ಮುಚ್ಚಿದ ವರ್ಷ ಅದರ ಕೊಳವೆಯನ್ನೇ ಬಂದ್ ಮಾಡಲಾಗಿದೆ. ಅಲ್ಲಿಯವರು ತೋಡುಬಾವಿ ಬಳಸುತ್ತಾರೆ ಎಂದು ನಾನೇ ಬರೆದಿದ್ದೇನೆ.

ಮೊದಲ ಮನೆಯ ಮುಂದೆ ಇಸ್ತ್ರಿ ಮೇಜು. ಇಸ್ತ್ರಿ ಮಾಡುತ್ತಿದ್ದ ಹೆಂಗಸು ಅವರನ್ನು ನೋಡಿ ಪೆಟ್ಟಿಗೆ ಪಕ್ಕಕ್ಕಿಟ್ಟು ಓಡಿಬಂದಳು.

"ಅಯ್ಯೋ ತಿರುಪಣ್ಣ! ಎಷ್ಟು ತಿಂಗಳಾಯ್ತು! ಸತ್ತೇ ಹೋದ್ರೇನೋ ಅಂದ್ಕೊಂಡಿದ್ವಿ, ಬಾಯಿ ಬಿಟ್ಟು ಕೇಳೋಕೂ ಹೆದರಿಕೆ." ಆಮೇಲೆ ನನ್ನನ್ನು ನೋಡಿದಳು. "ಇವ್ರು ಯಾರು?"

"ಇವ್ರು..." ಎಂದು ಅವರು ನನ್ನ ಕಡೆ ತಿರುಗಿ, ನಿಲ್ಲಿಸಿಬಿಟ್ಟರು.

ಹೆಂಡತಿ ಎಂದೆ.

ಅವರು ಒಂದೊಂದೇ ಮನೆಯ ನಲ್ಲಿ ಬಿಚ್ಚಿ ವಾಷರ್ ಬದಲಿಸುತ್ತ ಹೋದರು. ಅಂಗಿಯ ಗುಂಡಿ ಹಾಕಲಾರದ ಬೆರಳುಗಳು. ಇಸ್ತ್ರಿಯವಳು ಕುರ್ಚಿ ತಂದು ಹಾಕಿ, ಕೇಳದೆಯೇ ಹೇಳಿದಳು. ಹತ್ತೊಂಬತ್ತು ವರ್ಷದ ಹಿಂದೆ ಅವರು ವಾಲ್ವ್ ಮುಚ್ಚಲು ಬಂದ ದಿನ ಅವಳಿಗೆ ಹೆರಿಗೆಯಾಗಿ ಮೂರು ದಿನ. ಬಾವಿಯ ನೀರು ಬಣ್ಣದ್ದು. ಬಟ್ಟೆ ಅದ್ದಿದರೆ ನೀಲಿಯಾಗುತ್ತಿತ್ತು. ಅವರು ಗುಂಡಿಗಿಳಿದು ಮುಚ್ಚಿದರು. ಮೇಲೆ ಬಂದು ಅವಳ ಮನೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಸುಮ್ಮನೆ ಕೂತರು. ಮತ್ತೆ ಇಳಿದರು.

"ಮೇಲೆ ಬಂದು ಹೇಳಿದ್ರು: ನೀರು ಬರತ್ತೆ. ಯಾರಿಗೂ ಹೇಳ್ಬೇಡಿ. ಆದ್ರೆ ಒಂದು ತೊಟ್ಟು ಸೋರಿದ್ರೂ ಬಂದು ಬಂದ್ ಮಾಡ್ತೀನಿ ಅಂತ. ತಿಂಗಳು ತಿಂಗಳು ಬಂದು ನಲ್ಲಿ ನೋಡೋರು. ನಮ್ಮ ಓಣೀಲಿ ಸೋರೋ ನಲ್ಲಿ ಇಲ್ಲಮ್ಮ, ಬೇಕಾದ್ರೆ ನೋಡಿ. ಆ ಮಗಳು ಈಗ ಕಾಲೇಜಿಗೆ ಹೋಗ್ತಾಳೆ."

ನೋಡಿದೆ. ಇಪ್ಪತ್ತಾರು ನಲ್ಲಿ. ಒಂದೂ ಸೋರುತ್ತಿರಲಿಲ್ಲ.

ಫೆಬ್ರುವರಿ ೮, ಸೋಮವಾರ

ಆ ಓಣಿಯದು ವಾಲ್ವ್ ೯/೪೧. ವರ್ಷಕ್ಕೊಮ್ಮೆ ತಪಾಸಣೆ. ಹತ್ತೊಂಬತ್ತು ನಮೂದುಗಳು, ಎಲ್ಲವೂ ನನ್ನ ಕೈಬರಹ: "ಬಲಕ್ಕೆ ತಿರುಗದು. ಮುಚ್ಚಿದೆ."

ತಪಾಸಣೆಗೆ ಹೋದವರು ವಾಲ್ವ್ ತಿರುಗಿಸುವ ಉದ್ದನೆಯ ಕೀಲಿ ಇಳಿಸಿ ಬಲಕ್ಕೆ ತಿರುಗಿಸಿ ನೋಡಿದ್ದಾರೆ. ಅಲುಗಿಲ್ಲ. ಬಿಗಿಯಾಗಿ ಮುಚ್ಚಿದ ವಾಲ್ವ್ ಅಲುಗುವುದಿಲ್ಲ. ಎಡಕ್ಕೆ ಮುಚ್ಚುವ ವಾಲ್ವ್ ಪೂರ್ತಿ ತೆರೆದಿದ್ದರೂ ಬಲಕ್ಕೆ ಅಲುಗುವುದಿಲ್ಲ. ಕೈಗೆ ಎರಡೂ ಒಂದೇ. ಇದು ಗೊತ್ತಿದ್ದವರು ಊರಿಗೆ ಒಬ್ಬರೇ.

ಇಪ್ಪತ್ತಾರು ಮನೆಗೆ ಹೆಚ್ಚೂ ಕಡಿಮೆ ಹದಿನಾಲ್ಕು ಸಾವಿರ ಲೀಟರ್ ದಿನಕ್ಕೆ. ಅದನ್ನು ಹುಡುಕುತ್ತ ನನ್ನ ಅರ್ಧ ನೌಕರಿ ಮುಗಿದಿದೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಫೆಬ್ರುವರಿ ೧೦, ಬುಧವಾರ

ಸಂಜೆ ಅವರ ಮುಂದೆ ಕೂತು ಕೇಳಿದೆ. ನಲವತ್ತೊಂದನೇ ವಾಲ್ವ್. ಯಾಕೆ ಹೇಳಲಿಲ್ಲ? ನಾನು ದಿನವೂ ಈ ಮೇಜಿನ ಮೇಲೆ ಆ ಲೆಕ್ಕ ತಂದು ತಲೆ ಕೆಡಿಸಿಕೊಳ್ಳುತ್ತಿದ್ದೆ. ನೀವು ಎದುರಿಗೆ ಕೂತು ಊಟ ಮಾಡುತ್ತಿದ್ದಿರಿ.

ನನ್ನ ದನಿ ಏರಿತ್ತಂತೆ. ಅವರು ಹೆದರಿ ನಾದಿನಿಯ ಕೈ ಹಿಡಿದುಕೊಂಡರು. "ಇವ್ರು ಯಾಕೆ ಬೈತಿದ್ದಾರೆ?" ಎಂದು ಅವಳನ್ನು ಕೇಳಿದರು.

ಜಗಳವಾಡಲು ಆಳೇ ಇಲ್ಲ. ಮಾಡಿದವರು ಹೊರಟುಹೋಗಿದ್ದಾರೆ. ಉಳಿದವರಿಗೆ ಬೈದರೆ ಅದು ಬರಿಯ ಕ್ರೌರ್ಯ.

ಫೆಬ್ರುವರಿ ೧೬, ಮಂಗಳವಾರ

೪೪,೦೦೦. ಶೇಕಡ ಇಪ್ಪತ್ತೊಂದು. ಆಫೀಸಿನಲ್ಲಿ ಏನೂ ಹೇಳಲಿಲ್ಲ.

ಫೆಬ್ರುವರಿ ೧೯, ಶುಕ್ರವಾರ

ಊಟದ ಬಿಡುವಿನಲ್ಲಿ ಆಯೋಗದ ನಿಯಮಗಳನ್ನು ಮೊದಲಿನಿಂದ ಓದಿದೆ. ಜನ ವಾಸವಿರುವ ಮನೆಗೆ ದಾಖಲೆ ಇಲ್ಲದೆ ನೀರು ಹೋಗುತ್ತಿರುವುದು ಕಂಡುಬಂದರೆ ಅದನ್ನು ಕಡಿಯುವಂತಿಲ್ಲ. ನಲವತ್ತೈದು ದಿನದೊಳಗೆ ಮೀಟರ್ ಹಾಕಿ, ಹೆಸರು ಸೇರಿಸಿ, ಅಲ್ಲಿಂದ ಮುಂದೆ ಆ ನೀರನ್ನು ಬಳಕೆ ಎಂದು ತೋರಿಸಬೇಕು. ಹಾಗಾದರೆ ನಷ್ಟ ೩೦,೦೦೦ಕ್ಕೆ ಇಳಿಯುತ್ತದೆ. ಶೇಕಡ ಹದಿನಾಲ್ಕು ಚಿಲ್ಲರೆ. ವಲಯದ ಮುನ್ನೂರು ಚಿಲ್ಲರೆ ಮನೆಗಳಿಗೆ ದಿನವೂ ನೀರು.

ಅದರ ಕೆಳಗೇ ಇನ್ನೊಂದು ಸಾಲು: ಇದು ಯಾರ ಕೃತ್ಯದಿಂದ ಅಥವಾ ಯಾರ ತಪ್ಪಿನಿಂದ ಆಯಿತೆಂದು ಹೆಸರು ಸಹಿತ ತಿಳಿಸತಕ್ಕದ್ದು.

ಅವರ ಹೆಸರು ಬರೆದರೆ, ತಿರುಪಣ್ಣ ನೀರು ಕದ್ದನಂತೆ ಎಂದು ಆಫೀಸಿನ ಮೆಟ್ಟಿಲ ಮೇಲೆ ಮಾತಾಡುತ್ತಾರೆ. ವಿಚಾರಣೆಗೆ ಕರೆಯುತ್ತಾರೆ. ಅವರು ಹೋಗಿ ಕೂರುತ್ತಾರೆ. ಏನು ಕೇಳಿದರೂ ನಗುತ್ತಾರೆ. ಇದ್ದಕ್ಕಿದ್ದ ಹಾಗೆ ಅಮ್ಮ ಬಂದರಾ ಎನ್ನುತ್ತಾರೆ.

ಫೆಬ್ರುವರಿ ೨೫, ಗುರುವಾರ

ಸ್ನಾನ ಮಾಡಿಸಲು ಇಂದಿನಿಂದ ನಾನೇ. ಸೋಪು ಎಂದರೆ ಏನೆಂದು ಕೇಳಿದರು. ಬೆನ್ನು ಉಜ್ಜುವಾಗ ಎಡಹೆಗಲು ಬಲಕ್ಕಿಂತ ದಪ್ಪಗಿರುವುದನ್ನು ಈಗ ಗಮನಿಸಿದೆ. ವಾಲ್ವ್ ಕೀಲಿ ಹೊತ್ತ ಹೆಗಲು. ಮದುವೆಯಾಗಿ ಮೂವತ್ತೆರಡು ವರ್ಷ.

ಮಾರ್ಚ್ ೧, ಸೋಮವಾರ

ವರದಿ ಕೊಟ್ಟೆ. ಒಂದೇ ಪುಟ. "ವಾಲ್ವ್ ೯/೪೧ ಎಡಕ್ಕೆ ಮುಚ್ಚುವಂಥದ್ದು. ಇದನ್ನು ಗಮನಿಸದೆ ಹತ್ತೊಂಬತ್ತು ವರ್ಷ 'ಮುಚ್ಚಿದೆ' ಎಂದು ತಪ್ಪಾಗಿ ನಮೂದಿಸಲಾಗಿದೆ. ತಪ್ಪು ನಮೂದು ಮಾಡಿದವರು: ದಾಖಲೆ ಗುಮಾಸ್ತೆ." ಕೆಳಗೆ ನನ್ನ ಸಹಿ.

ಇಂಜಿನಿಯರ್ ಓದಿ, ಬಾಗಿಲು ಮುಚ್ಚಿ ಬಂದು ಕೂತಳು.

"ಅಕ್ಕ, ಇದು ಎಡಗೈಯದು ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ."

"ತಿರುಪಣ್ಣ?"

"ಅವರು ಹತ್ತು ಹೇಳಿದ್ರು. ಪಟ್ಟಿ ನಿನ್ನ ಹತ್ರಾನೇ ಇದೆ. ಹನ್ನೊಂದನೇದು ಅವರಿಗೆ ಗೊತ್ತಿಲ್ಲ."

"ಮೊದಲು ಮುಚ್ಚಿದ್ದು ಅವರೇ ಅಲ್ವಾ?"

"ಮುಚ್ಚಿದ್ರು," ಎಂದೆ. ಮುಚ್ಚಿದ್ದರಲ್ಲ, ಇಸ್ತ್ರಿಯವಳು ನೋಡಿದ್ದಾಳೆ.

ಅವಳು ವರದಿಯನ್ನು ಮತ್ತೊಮ್ಮೆ ಓದಿದಳು. ಬುದ್ಧಿವಂತೆ. "ಅವರು ಹುಷಾರಾಗಿದ್ದಾರಾ ಅಕ್ಕ?" ಎಂದು ಕೇಳಿದಳು. ಇಲ್ಲ ಎಂದೆ. ಆಮೇಲೆ ಎಲ್ಲ ಹೇಳಿದೆ. ಕಾಯಿಲೆಯದಷ್ಟೇ.

ವರದಿಯಲ್ಲಿ ಸುಳ್ಳು ಎಂಬುದಿಲ್ಲ, ನಾಲ್ಕು ಸಲ ಓದಿ ನೋಡಿದ್ದೇನೆ.

ಮಾರ್ಚ್ ೫, ಶುಕ್ರವಾರ

ಎಚ್ಚರಿಕೆ ಪತ್ರ ಬಂತು. ಮೂವತ್ತೊಂದು ವರ್ಷದಲ್ಲಿ ಮೊದಲನೆಯದು. ಮಡಚಿ ಕಡತದಲ್ಲಿಟ್ಟೆ. ನಿವೃತ್ತಿಗೆ ಹದಿನಾಲ್ಕು ತಿಂಗಳು. ಊಟದ ಬಿಡುವಿನಲ್ಲಿ ನನ್ನ ಮೇಜಿಗೆ ಯಾರೂ ಬರಲಿಲ್ಲ. "ಇವಳೇ ತಪ್ಪು ಬರೆದ್ರೆ ಇನ್ಯಾರು ಸರಿ ಬರೀತಾರೆ" ಎಂದು ಯಾರೋ ಅಂದದ್ದು ಕೇಳಿಸಿತು.

ಮಾರ್ಚ್ ೧೨, ಶುಕ್ರವಾರ

ಬೇಗ ಮನೆಗೆ ಬಂದೆ. ಬಾಗಿಲಲ್ಲಿ ನಿಂತಿದ್ದರು. "ಅಮ್ಮ ಬಂದ್ರಾ?" ಸಂಜೆ ಬರುತ್ತಾರೆ ಎಂದೆ. "ಹಾಗಾದ್ರೆ ಚಹಾ ಅಮ್ಮ ಬಂದ ಮೇಲೇ ಕುಡಿಯೋಣ" ಎಂದರು. ಇಬ್ಬರೂ ಮೆಟ್ಟಿಲ ಮೇಲೆ ಕಾಯುತ್ತ ಕೂತೆವು. ಎದುರುಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಕತ್ತಲಾಗುವ ಮೊದಲು ಒಂದು ಬದಿ ಮುಗಿಯಿತು. ನಾದಿನಿ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಯಾಕೋ ಗೊತ್ತಿಲ್ಲ, ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂಬತ್ತನೇ ವಲಯದ ಅಂಕಿ ಬರೆದುಕೊಂಡು ಬರಲು ಮರೆತೆ.

ಮಾರ್ಚ್ ೨೩, ಮಂಗಳವಾರ

ಓಣಿಗೆ ಹೊಸ ಕೊಳವೆ ಜೋಡಿಸುವ ದಿನ. ಇಪ್ಪತ್ತಾರು ಮೀಟರುಗಳು ಬಂದಿವೆ. ಜೋಡಿಸಲು ಅರ್ಧ ದಿನ ನಲವತ್ತೊಂದನ್ನು ಮುಚ್ಚಬೇಕು. ಇಬ್ಬರು ಗಟ್ಟಿ ಆಳುಗಳು ಬೆಳಿಗ್ಗೆಯಿಂದ ಎಡಕ್ಕೆ ಎಳೆದರು, ಅಲುಗಲಿಲ್ಲ. ಹತ್ತೊಂಬತ್ತು ವರ್ಷದ ತುಕ್ಕು. ಇನ್ನೂ ಬಲ ಹಾಕಿದರೆ ವಾಲ್ವಿನ ಕಂಬಿ ಮುರಿಯುತ್ತದೆ ಎಂದರು.

ಇಂಜಿನಿಯರ್ ನನ್ನ ಹತ್ತಿರ ಬಂದು ಮೆಲ್ಲಗೆ, "ಕರ್ಕೊಂಡು ಬರ್ತೀರಾ ಅಕ್ಕ?" ಎಂದಳು. ಅವಳು ಬೇರೇನೂ ಕೇಳಲಿಲ್ಲ. ಇದು ಅವರದೇ ಕೆಲಸವೆಂದು ಅವಳಿಗೆ ಎಂದಿನಿಂದಲೋ ಗೊತ್ತು.

ಅವರನ್ನು ಕರೆತಂದೆ. ಓಣಿಯವರೆಲ್ಲ ಬಕೆಟು ತುಂಬಿಟ್ಟು ಬಾಗಿಲಲ್ಲಿ ನಿಂತಿದ್ದರು. ನನ್ನ ಗಂಡ ಯಾರನ್ನೂ ನೋಡಲಿಲ್ಲ. ಕೀಲಿಯ ತುದಿಗೆ ಕಿವಿ ಇಟ್ಟರು. ಒಂದು ಕಲ್ಲು ತೆಗೆದುಕೊಂಡು ಕಂಬಿಗೆ ಮೆತ್ತಗೆ ತಟ್ಟಿದರು, ಮಲಗಿದ್ದವರನ್ನು ಎಬ್ಬಿಸುವ ಹಾಗೆ. ಎಡಕ್ಕೆ ಒಂದಿಷ್ಟು, ಮತ್ತೆ ಹಿಂದಕ್ಕೆ, ಎಡಕ್ಕೆ ಇನ್ನೊಂದಿಷ್ಟು. ಕಾಲು ಗಂಟೆಯಾಯಿತು. ಒಳಗೆ ಏನೋ ಕಟ್ ಎಂದಿತು. ಕೀಲಿ ತಿರುಗಿತು.

"ಒಂದು," ಎಂದರು.

ಏಳರವರೆಗೆ ಎಣಿಸಿದರು. ಆಮೇಲೆ ನಿಂತುಬಿಟ್ಟರು. ಮುಖ ಖಾಲಿಯಾಯಿತು. ಕೈ ಮಾತ್ರ ಕೀಲಿಯ ಮೇಲೇ ಇತ್ತು. ನಾನು ಹೋಗಿ ಇನ್ನೊಂದು ಬದಿ ಹಿಡಿದೆ. ಎಂಟು ಎಂದೆ. ಅವರು ತಿರುಗಿಸಿದರು. ಒಂಬತ್ತು. ಹದಿಮೂರಕ್ಕೆ ಕೀಲಿ ತಾನಾಗಿ ನಿಂತಿತು.

ಆಳುಗಳು ಕೊಳವೆ ಕತ್ತರಿಸತೊಡಗಿದರು. ನಾವಿಬ್ಬರೂ ಇಸ್ತ್ರಿಯವಳ ಮೆಟ್ಟಿಲ ಮೇಲೆ ಕೂತೆವು. ಅವರು ಕೈಯ ತುಕ್ಕನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಆಫೀಸಿನವರಾ?"

"ಹೌದು."

"ಮುಚ್ಚಿದೆ ಅಂತ ಬರ್ಕೊಳ್ಳಿ." ದನಿ ತಗ್ಗಿಸಿದರು. "ಆಮೇಲೆ ನಾನು ತೆಗೀತೀನಿ. ಒಳಗೆ ಮೂರು ದಿನದ ಮಗು ಇದೆ. ಯಾರಿಗೂ ಹೇಳ್ಬೇಡಿ."

"ಇಲ್ಲ."

"ಮನೇಲೂ ಹೇಳಲ್ಲ ನಾನು. ನನ್ನ ಹೆಂಡ್ತಿ ಎಲ್ಲಾನೂ ಬರೆದಿಡ್ತಾಳೆ. ಒಳ್ಳೆಯವಳು. ಆದ್ರೆ ಬರೆದಿಡ್ತಾಳೆ."

"ನಾನು ಹೇಳಲ್ಲ," ಎಂದೆ.

ಅವರಿಗೆ ಸಮಾಧಾನವಾಯಿತು. ಜೇಬಿನಿಂದ ಕರವಸ್ತ್ರ ತೆಗೆದು ನನಗೂ ಕೊಟ್ಟರು, ಕೈ ಒರೆಸಿಕೊಳ್ಳಿ ಎಂದು. ನಾನು ಕೇಳಿದೆ: ಅವಳಿಗೆ ಹೇಳಿದರೆ ಏನಾಗುತ್ತಿತ್ತು?

ಹೇಳಿದರು. ನನ್ನ ಬಗ್ಗೆ ನಾಲ್ಕೈದು ಮಾತು, ನಿಧಾನವಾಗಿ, ಒಂದೂ ಮರೆಯದೆ. ಮದುವೆಯಾದ ಮೇಲೆ ಅಷ್ಟನ್ನು ಅವರು ನನಗೆಂದೂ ಹೇಳಿರಲಿಲ್ಲ.

ಅದೇನೆಂದು ಇಲ್ಲಿ ಬರೆಯುವುದಿಲ್ಲ. ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ.